ಆನ್‌ಲೈನ್ ಅರ್ಜಿ ನಮೂನೆಗಳಲ್ಲಿ ಟ್ಯಾಬ್ ವ್ಯವಸ್ಥೆ: ಅಳವಡಿಕೆ ಮತ್ತು ಬಳಕೆ

ಒಂದೇ ವೆಬ್ ಪುಟದ ಮಾಹಿತಿಯನ್ನು ಹಲವು ಭಾಗಗಳಾಗಿ ವಿಂಗಡಿಸಿ, ಒಂದು ಬಾರಿಗೆ ಒಂದು ಭಾಗವನ್ನು ಮಾತ್ರ ಪರದೆಯ ಮೇಲೆ ತೋರಿಸುವ ಏರ್ಪಾಡಿಗೆ ಟ್ಯಾಬ್ ವ್ಯವಸ್ಥೆ ಎನ್ನಲಾಗುತ್ತದೆ. ಕಡತದ ಅಂಚಿನಿಂದ ಹೊರಚಾಚಿರುವ ಗುರುತುಚೀಟಿಯಿಂದ ಈ ಹೆಸರು ಬಂದಿದೆ. ಆನ್‌ಲೈನ್ ಅರ್ಜಿಯ ಮೇಲ್ಭಾಗದಲ್ಲಿ ‘ಅರ್ಜಿದಾರರ ವಿವರ’, ‘ವಿಳಾಸ’, ‘ದಾಖಲೆಗಳು’, ‘ಘೋಷಣೆ’ ಎಂಬಂತಹ ಶೀರ್ಷಿಕೆಗಳು ಸಾಲಾಗಿ ಕಂಡುಬಂದಲ್ಲಿ ಅವು ಸಾಮಾನ್ಯವಾಗಿ ಟ್ಯಾಬ್‌ಗಳೇ ಆಗಿರುತ್ತವೆ.

ಬಹುತೇಕ ನಮೂನೆಗಳಲ್ಲಿ ಎಲ್ಲಾ ಭಾಗಗಳೂ ಪುಟದೊಂದಿಗೇ ಅರ್ಜಿದಾರರ ಗಣಕಯಂತ್ರಕ್ಕೆ ಬಂದಿರುತ್ತವೆ. ಶೀರ್ಷಿಕೆಯನ್ನು ಕ್ಲಿಕ್ ಮಾಡಿದಾಗ ಜಾವಾಸ್ಕ್ರಿಪ್ಟ್ ಒಂದು ಭಾಗವನ್ನು ತೋರಿಸಿ ಉಳಿದವುಗಳನ್ನು ಮರೆಮಾಡುತ್ತದೆ. ಈ ಕ್ರಿಯೆಯು ಬ್ರೌಸರ್‌ನ ಒಳಗೇ ನಡೆಯುವುದರಿಂದ ಸರ್ವರ್‌ಗೆ ಯಾವ ವಿವರವೂ ತಲುಪುವುದಿಲ್ಲ. ಆದ್ದರಿಂದ ಮುಂದಿನ ಟ್ಯಾಬ್‌ಗೆ ಹೋದ ಮಾತ್ರಕ್ಕೆ ಹಿಂದಿನ ಟ್ಯಾಬ್‌ನಲ್ಲಿ ನಮೂದಿಸಿದ್ದು ದಾಖಲಾಗಿದೆ ಎಂದು ಭಾವಿಸತಕ್ಕದ್ದಲ್ಲ. ಸರ್ವರ್‌ಗೆ ಬಂದ ಕೊನೆಯ ಕೋರಿಕೆಯಿಂದ ಲಾಗಿನ್ ಅವಧಿಯನ್ನು ಲೆಕ್ಕ ಹಾಕುವ ತಂತ್ರಾಂಶಗಳಲ್ಲಿ, ಅರ್ಜಿದಾರರು ಬಿಡುವಿಲ್ಲದೆ ಭರ್ತಿ ಮಾಡುತ್ತಿದ್ದರೂ ಅವಧಿ ಮುಗಿದು ಎಲ್ಲವೂ ಅಳಿಸಿಹೋಗುವ ಸಂಭವವಿರುತ್ತದೆ. ‘ಉಳಿಸು’ ಗುಂಡಿಯನ್ನು ಒದಗಿಸಿದ್ದಲ್ಲಿ ಪ್ರತಿ ಟ್ಯಾಬ್‌ನ ಕೊನೆಯಲ್ಲಿ ಅದನ್ನು ಒತ್ತುವುದು ಸೂಕ್ತ.

ಎಲ್ಲವನ್ನೂ ಭರ್ತಿ ಮಾಡಿ ‘ಸಲ್ಲಿಸು’ ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ ಎಂಬುದು ಇಂತಹ ನಮೂನೆಗಳ ಪರಿಚಿತ ತೊಂದರೆ. ಕಡ್ಡಾಯವಾದ ಒಂದು ಅಂಕಣವು ಮರೆಯಾಗಿರುವ ಟ್ಯಾಬ್‌ನಲ್ಲಿ ಖಾಲಿ ಉಳಿದಿದ್ದಲ್ಲಿ ಬ್ರೌಸರ್ ಸಲ್ಲಿಕೆಯನ್ನು ತಡೆಯುತ್ತದೆ; ಆದರೆ ಆ ಅಂಕಣವು ಪರದೆಯ ಮೇಲೆ ಇಲ್ಲದಿರುವುದರಿಂದ ದೋಷದ ಸೂಚನೆಯನ್ನು ತೋರಿಸಲು ಅದಕ್ಕೆ ಸ್ಥಳವಿರುವುದಿಲ್ಲ. ಇಂತಹ ಸಂದರ್ಭದಲ್ಲಿ ಪ್ರತಿ ಟ್ಯಾಬ್ ತೆರೆದು ನಕ್ಷತ್ರ ಚಿಹ್ನೆಯುಳ್ಳ ಅಂಕಣಗಳನ್ನು ಪರಿಶೀಲಿಸತಕ್ಕದ್ದು. ಇದನ್ನು ಅರ್ಜಿದಾರರ ತಪ್ಪೆನ್ನುವುದಕ್ಕಿಂತ ತಂತ್ರಾಂಶದ ಕೊರತೆಯೆನ್ನುವುದೇ ಸರಿ. ದೋಷವಿರುವ ಟ್ಯಾಬ್ ತಾನಾಗಿ ತೆರೆದುಕೊಳ್ಳುವಂತೆ ಹಾಗೂ ಅದರ ಶೀರ್ಷಿಕೆಯಲ್ಲಿಯೇ ದೋಷ ಕಾಣುವಂತೆ ಅಳವಡಿಸಲು ಸಾಧ್ಯವಿದೆ.

ಸಲ್ಲಿಕೆಯಾಗದ ಅರ್ಜಿಗೆ ಕಾನೂನಿನ ರಕ್ಷಣೆ ದೊರೆಯುವುದಿಲ್ಲ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಿಗೆ ಕಾಲಮಿತಿಯು ಅಗತ್ಯ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಕೆಯಾದ ನಂತರವೇ ಎಣಿಕೆಗೆ ಬರುತ್ತದೆ. ವಿಳಂಬಕ್ಕೆ ದಿನಕ್ಕೆ ರೂ. 20ರಂತೆ, ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚ ಪಡೆಯಲು ಅಧಿನಿಯಮವು ಅವಕಾಶ ಕಲ್ಪಿಸಿದೆ. 15 ಅಂಕಿಗಳ ಜಿಎಸ್‌ಸಿ ಸಂಖ್ಯೆಯುಳ್ಳ ಸ್ವೀಕೃತಿ ಕೈಸೇರುವವರೆಗೆ ಅರ್ಜಿ ಸಲ್ಲಿಕೆಯಾಗಿದೆಯೆಂದು ಪರಿಗಣಿಸಬಾರದು.

ಮೌಸ್ ಬಳಸಲಾಗದವರು ಕೀಲಿಮಣೆಯಿಂದಲೇ ಟ್ಯಾಬ್‌ಗಳನ್ನು ತೆರೆಯುವಂತಿರಬೇಕು. 2014ರಲ್ಲಿ ಡಬ್ಲ್ಯು3ಸಿ ಸಂಸ್ಥೆಯ ಶಿಫಾರಸಾಗಿ ಪ್ರಕಟವಾದ ವೈ-ಏರಿಯಾ 1.0 ಮಾನದಂಡವು ಶೀರ್ಷಿಕೆಗಳ ಸಾಲಿಗೆ ‘ಟ್ಯಾಬ್‌ಲಿಸ್ಟ್’, ಪ್ರತಿ ಶೀರ್ಷಿಕೆಗೆ ‘ಟ್ಯಾಬ್’, ಅದರ ಭಾಗಕ್ಕೆ ‘ಟ್ಯಾಬ್‌ಪ್ಯಾನೆಲ್’ ಎಂಬ ಗುರುತುಗಳನ್ನು ನಿಗದಿಪಡಿಸಿದೆ. ಈ ಗುರುತುಗಳಿದ್ದಲ್ಲಿ ದೃಷ್ಟಿ ವಿಕಲಚೇತನರು ಬಳಸುವ ಪರದೆ ಓದುವ ತಂತ್ರಾಂಶವು ಯಾವ ಟ್ಯಾಬ್ ತೆರೆದಿದೆ ಎಂಬುದನ್ನು ಓದಿ ಹೇಳಬಲ್ಲದು. ಸರಿಯಾಗಿ ಅಳವಡಿಸಿದ ನಮೂನೆಯಲ್ಲಿ ಎಡ-ಬಲ ಬಾಣದ ಕೀಲಿಗಳಿಂದ ಶೀರ್ಷಿಕೆಗಳ ನಡುವೆ ಚಲಿಸಬಹುದು. ಟ್ಯಾಬ್ ಕೀಲಿಯನ್ನು ಒತ್ತಿದಾಗ ಭರ್ತಿ ಮಾಡಬೇಕಾದ ಭಾಗದೊಳಗೆ ಪ್ರವೇಶ ದೊರೆಯುತ್ತದೆ. ಕೇವಲ ಬಣ್ಣ ಬದಲಿಸಿ ತೆರೆದ ಟ್ಯಾಬ್ ಸೂಚಿಸುವುದು ಸಾಲದು.

ಮೊಬೈಲ್ ಪರದೆಯಲ್ಲಿ ಕೊನೆಯ ಶೀರ್ಷಿಕೆಗಳು ಬಲಬದಿಯಲ್ಲಿ ಮರೆಯಾಗಿರಬಹುದಾದ್ದರಿಂದ ಸಾಲನ್ನು ಬೆರಳಿನಿಂದ ಸರಿಸಿ ನೋಡಬೇಕು. ಬ್ರೌಸರ್‌ನ ಮುದ್ರಣ ಸೌಲಭ್ಯ ಬಳಸಿದಲ್ಲಿ ಸಾಮಾನ್ಯವಾಗಿ ಆ ಕ್ಷಣದಲ್ಲಿ ತೆರೆದಿರುವ ಟ್ಯಾಬ್ ಮಾತ್ರ ಮುದ್ರಣಗೊಳ್ಳುತ್ತದೆ. ಪೂರ್ಣ ಪ್ರತಿ ಬೇಕಾದಲ್ಲಿ ಸಲ್ಲಿಕೆಯ ನಂತರ ದೊರೆಯುವ ಅರ್ಜಿಯ ಪ್ರತಿಯನ್ನು ಮುದ್ರಿಸಿಕೊಳ್ಳತಕ್ಕದ್ದು.