ಗ್ರಂಥಾಲಯದ ಕಂಪ್ಯೂಟರಿಗೂ ಬೇಕು ಸರದಿ: ಸಮಯ ಹಂಚುವ ತಂತ್ರಾಂಶದ ಆಯ್ಕೆ ಹೇಗೆ?

ಪುತ್ತೂರು: ಓದುಗರ ಉಪಯೋಗಕ್ಕೆಂದು ನಾಲ್ಕೈದು ಕಂಪ್ಯೂಟರುಗಳನ್ನು ತಂದಿರಿಸಿದ ಮಾತ್ರಕ್ಕೆ ಗ್ರಂಥಾಲಯದ ಹೊಣೆ ಮುಗಿಯುವುದಿಲ್ಲ. ಅವುಗಳ ಮುಂದೆ ಯಾರು, ಯಾವ ಸರದಿಯಲ್ಲಿ, ಎಷ್ಟು ಹೊತ್ತು ಕುಳಿತುಕೊಳ್ಳಬೇಕೆಂಬ ಪ್ರಶ್ನೆ ಮೊದಲ ದಿನವೇ ಎದುರಾಗುತ್ತದೆ. ಈ ಹಂಚಿಕೆಗೆಂದೇ ರೂಪುಗೊಂಡ ತಂತ್ರಾಂಶಗಳು ಇವೆ. ಆದರೆ ಯಾವುದು ನಮ್ಮ ಊರಿನ ಗ್ರಂಥಾಲಯಕ್ಕೆ ಹೊಂದುತ್ತದೆ ಎಂಬುದನ್ನು ಅರಿಯದೆ ಹಣ ತೆರುವುದು ಜಾಣತನವಲ್ಲ.

ಪುತ್ತೂರಿನಂಥ ಪಟ್ಟಣದಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. ಸುಳ್ಯ, ಈಗ ಪ್ರತ್ಯೇಕ ತಾಲೂಕಾಗಿರುವ ಕಡಬ, ಉಪ್ಪಿನಂಗಡಿ, ಬೆಟ್ಟಂಪಾಡಿ ಕಡೆಗಳಿಂದ ವಿದ್ಯಾರ್ಥಿಗಳೂ ಉದ್ಯೋಗಾಕಾಂಕ್ಷಿಗಳೂ ಬಸ್ ಹಿಡಿದು ಇಲ್ಲಿಗೆ ಬರುತ್ತಾರೆ. ಸಿಇಟಿ ಅರ್ಜಿ, ಲೋಕಸೇವಾ ಆಯೋಗದ ಅರ್ಜಿ, ವಿದ್ಯಾರ್ಥಿವೇತನ, ಪಹಣಿ, ಸೇವಾಸಿಂಧು ಎಲ್ಲವೂ ಅಂತರ್ಜಾಲದ ಮೂಲಕವೇ ಆಗಬೇಕಾದ ಕಾಲವಿದು. ಮೊಬೈಲಿನ ಪುಟ್ಟ ಪರದೆಯಲ್ಲಿ ಅಂಕಪಟ್ಟಿ, ಭಾವಚಿತ್ರ, ಸಹಿಗಳನ್ನು ನಿಗದಿತ ಅಳತೆಗೆ ತಂದು ಸೇರಿಸುವುದು ಎಲ್ಲರಿಗೂ ಸಾಧ್ಯವಾಗದು. ಕೊನೆಯ ದಿನ ಕಂಪ್ಯೂಟರ್ ಸಿಗದಿದ್ದರೆ ಒಂದು ವರ್ಷವೇ ಕೈತಪ್ಪಬಹುದು. ಸಮಯ ಹಂಚಿಕೆ ಕೇವಲ ತಾಂತ್ರಿಕ ವಿಷಯವಲ್ಲ, ನ್ಯಾಯದ ವಿಷಯವೂ ಹೌದು.

ಹಿನ್ನೆಲೆ

ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ರೂಪುಗೊಂಡದ್ದು 1965ರಲ್ಲಿ. ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಸಂಗ್ರಹಿಸಲು ಅದು ಅವಕಾಶ ನೀಡಿತು. ಅಂದರೆ ಮನೆ ತೆರಿಗೆ ಕಟ್ಟುವ ಪ್ರತಿಯೊಬ್ಬ ನಾಗರಿಕನ ಪಾಲೂ ಈ ಕಂಪ್ಯೂಟರುಗಳಲ್ಲಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಗೊಂಡವು. 2020ರ ನವೆಂಬರಿನಲ್ಲಿ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ದೊರೆಯಿತು. ಮುಂದೆ 'ಅರಿವು ಕೇಂದ್ರ' ಎಂಬ ಹೆಸರು ಪಡೆದ ಈ ಗ್ರಂಥಾಲಯಗಳಿಗೂ ಕಂಪ್ಯೂಟರುಗಳು ಬರತೊಡಗಿದವು. ಹೀಗಾಗಿ ಸರದಿಯ ಪ್ರಶ್ನೆ ನಗರಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ.

ಮೊದಲು ಲೆಕ್ಕ, ಆಮೇಲೆ ತಂತ್ರಾಂಶ

ತಂತ್ರಾಂಶ ಹುಡುಕುವ ಮುನ್ನ ಕಾಗದದ ಮೇಲೆ ಸರಳ ಲೆಕ್ಕವೊಂದನ್ನು ಮಾಡಬೇಕು. ಉದಾಹರಣೆಗೆ 5 ಕಂಪ್ಯೂಟರುಗಳಿದ್ದು, ದಿನಕ್ಕೆ 8 ಗಂಟೆ ತೆರೆದಿರುತ್ತದೆ ಎಂದುಕೊಳ್ಳೋಣ. ಒಬ್ಬರಿಗೆ 60 ನಿಮಿಷ ಕೊಟ್ಟರೆ ದಿನಕ್ಕೆ 40 ಮಂದಿಗೆ ಅವಕಾಶ. 45 ನಿಮಿಷವಾದರೆ 50, 30 ನಿಮಿಷವಾದರೆ 80. ಮೇಲ್ನೋಟಕ್ಕೆ 30 ನಿಮಿಷವೇ ಲಾಭಕರ. ಆದರೆ ಅರ್ಜಿ ತುಂಬುವಾತನಿಗೆ ಅಷ್ಟು ಸಮಯ ಸಾಲದು. ಆತ ಮತ್ತೆ ಸರದಿಯ ಕೊನೆಗೆ ನಿಲ್ಲಬೇಕಾದೀತು. ಪತ್ರಿಕೆ ಓದಲು, ಮಿಂಚಂಚೆ ನೋಡಲು ಬಂದವರಿಗೆ 30 ನಿಮಿಷ ಧಾರಾಳ. ಆದ್ದರಿಂದ ಎರಡು ಬಗೆಯ ಅವಧಿಗಳನ್ನು ನಿಗದಿಪಡಿಸಲು ಸಾಧ್ಯವಿರುವ ವ್ಯವಸ್ಥೆಯೇ ಉತ್ತಮ. ಯಾರೂ ಕಾಯುತ್ತಿಲ್ಲವಾದರೆ ಅವಧಿ ತಾನಾಗಿಯೇ ವಿಸ್ತರಣೆಯಾಗಬೇಕು. ಖಾಲಿ ಕುರ್ಚಿಗಳ ನಡುವೆ ಒಬ್ಬನನ್ನು ಎಬ್ಬಿಸಿ ಕಳುಹಿಸುವುದರಲ್ಲಿ ಅರ್ಥವಿಲ್ಲ.

ನಾಲ್ಕು ಕೆಲಸ, ನಾಲ್ಕು ತಂತ್ರಾಂಶ

ಮಾರಾಟಗಾರರ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಕೆಲಸಗಳು ಒಂದೇ ಎಂಬಂತೆ ಬೆರೆತುಹೋಗುವುದುಂಟು. ಅವುಗಳನ್ನು ಬಿಡಿಸಿ ನೋಡಬೇಕು.

ಒಂದು, ಸಮಯ ನಿರ್ವಹಣೆ: ಯಾರು ಯಾವಾಗ ಕುಳಿತರು, ಎಷ್ಟು ನಿಮಿಷ ಉಳಿದಿದೆ ಎಂದು ಲೆಕ್ಕ ಇಡುವುದು. ಎರಡು, ಶುದ್ಧೀಕರಣ: ಒಬ್ಬರು ಎದ್ದುಹೋದ ಬಳಿಕ ಅವರ ಕಡತ, ಗುಪ್ತಪದ ಇತ್ಯಾದಿಗಳನ್ನು ಅಳಿಸುವುದು. ಫ್ಯಾರೊನಿಕ್ಸ್ ಸಂಸ್ಥೆಯ 'ಡೀಪ್ ಫ್ರೀಜ್' ಮಾಡುವುದು ಇದನ್ನೇ. ಯಂತ್ರವನ್ನು ಮರಳಿ ಚಾಲೂ ಮಾಡಿದೊಡನೆ ಅದು ಮೊದಲಿನ ಸ್ಥಿತಿಗೆ ಬರುತ್ತದೆ. ಆದರೆ ಅದು ಸಮಯವನ್ನು ಹಂಚುವುದಿಲ್ಲ. ಮೂರು, ಜಾಲತಾಣಗಳ ಸೋಸುವಿಕೆ. ನಾಲ್ಕು, ಮುದ್ರಣದ ಪುಟಗಳ ಲೆಕ್ಕ. ಇವುಗಳಲ್ಲಿ ತಮಗೆ ನಿಜಕ್ಕೂ ಬೇಕಾದುದು ಯಾವುದೆಂದು ಗ್ರಂಥಪಾಲಕರು ಮೊದಲೇ ಬರೆದಿಟ್ಟುಕೊಳ್ಳುವುದು ಲೇಸು.

ಲಭ್ಯವಿರುವ ದಾರಿಗಳು

ಪುಸ್ತಕ ಮತ್ತು ಗಡಿಯಾರ: ಒಂದೆರಡು ಕಂಪ್ಯೂಟರುಗಳಿರುವ ಅರಿವು ಕೇಂದ್ರಕ್ಕೆ ರಿಜಿಸ್ಟರ್ ಪುಸ್ತಕ ಮತ್ತು ಗೋಡೆ ಗಡಿಯಾರ ಸಾಕು. ಖರ್ಚಿಲ್ಲ, ಕರೆಂಟು ಹೋದರೂ ಕೆಲಸ ನಿಲ್ಲದು. ಆದರೆ 'ನಿಮ್ಮ ಸಮಯ ಮುಗಿಯಿತು' ಎಂದು ಪರಿಚಿತರಿಗೆ ಹೇಳುವ ಇಕ್ಕಟ್ಟು ಮೇಲ್ವಿಚಾರಕರದ್ದೇ. ಊರಿನ ಪ್ರಭಾವಿಗಳು ಬಂದಾಗ ನಿಯಮ ಸಡಿಲವಾಗುವುದೂ ಇಲ್ಲಿಯೇ.

ಸೈಬರ್ ಕೆಫೆ ತಂತ್ರಾಂಶ: ಹ್ಯಾಂಡಿಕೆಫೆ, ಅಂಟಾಮೀಡಿಯಾ ಮುಂತಾದವು ಈ ಗುಂಪಿನವು. ಇವು ನಿಮಿಷಕ್ಕೆ ಇಷ್ಟು ಎಂದು ಬಿಲ್ ಮಾಡಲು ಹುಟ್ಟಿದವು. ಉಚಿತ ಸೇವೆ ನೀಡುವ ಗ್ರಂಥಾಲಯದಲ್ಲಿ ಇವುಗಳ ಅರ್ಧದಷ್ಟು ಸೌಲಭ್ಯ ವ್ಯರ್ಥ. ಸದಸ್ಯತ್ವ ಸಂಖ್ಯೆಯೊಂದಿಗೆ ಜೋಡಣೆಯೂ ಸುಲಭವಲ್ಲ.

ವಿದೇಶಿ ವಾಣಿಜ್ಯ ತಂತ್ರಾಂಶ: ಎನ್ವಿಷನ್‌ವೇರ್ ಸಂಸ್ಥೆಯ 'ಪಿಸಿ ರಿಸರ್ವೇಷನ್', ಕಾಂಪ್ರೈಸ್ ಸಂಸ್ಥೆಯ 'ಸ್ಯಾಮ್' ಅಮೆರಿಕದ ಗ್ರಂಥಾಲಯಗಳಲ್ಲಿ ಹೆಸರು ಮಾಡಿವೆ. ಕಾಯ್ದಿರಿಸುವಿಕೆ, ಮುದ್ರಣ, ಪಾವತಿ ಎಲ್ಲವನ್ನೂ ಒಂದೆಡೆ ನೀಡುತ್ತವೆ. ಐದು ಯಂತ್ರಗಳ ಶಾಖಾ ಗ್ರಂಥಾಲಯಕ್ಕೆ ಇವು ಇಲಿ ಹಿಡಿಯಲು ಬೆಟ್ಟ ಅಗೆದಂತೆ.

ಮುಕ್ತ ತಂತ್ರಾಂಶ: ಈ ಸಾಲಿನಲ್ಲಿ ಮೊದಲಿಗೆ ನೆನಪಾಗುವುದು 'ಲಿಬ್ಕಿ'. ಗ್ರಂಥಾಲಯಗಳಿಗೆಂದೇ ರೂಪುಗೊಂಡ ಇದನ್ನು ಪರವಾನಗಿ ಶುಲ್ಕವಿಲ್ಲದೆ ಬಳಸಬಹುದು. ಸರ್ವರ್ ಭಾಗ ಲಿನಕ್ಸ್‌ನಲ್ಲಿ ನಡೆಯುತ್ತದೆ. ಓದುಗರ ಯಂತ್ರ ವಿಂಡೋಸ್ ಆಗಿದ್ದರೂ ಲಿನಕ್ಸ್ ಆಗಿದ್ದರೂ ಆದೀತು. ದಿನಕ್ಕೆ ಇಷ್ಟು, ಒಂದು ಸಲಕ್ಕೆ ಇಷ್ಟು ಎಂದು ನಿಮಿಷಗಳನ್ನು ನಿಗದಿಪಡಿಸಬಹುದು. ಸದಸ್ಯರಲ್ಲದವರಿಗೆ ಅತಿಥಿ ಚೀಟಿ ನೀಡಬಹುದು. ಎಸ್‌ಐಪಿ2 ಎಂಬ ಸಂವಹನ ವಿಧಾನದ ಮೂಲಕ 'ಕೋಹಾ'ದಂಥ ಗ್ರಂಥಾಲಯ ತಂತ್ರಾಂಶದ ಸದಸ್ಯರ ಪಟ್ಟಿಯೊಂದಿಗೆ ಬೆಸೆಯಲೂ ಸಾಧ್ಯ. ಇದರ ಕೊರತೆಯೆಂದರೆ ಸರ್ವರ್ ಅಳವಡಿಸಲು ಲಿನಕ್ಸ್ ಬಲ್ಲವರು ಬೇಕು. ಪುತ್ತೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಇರುವುದರಿಂದ ಅಂಥ ನೆರವು ಕಷ್ಟವಾಗಲಾರದು. ಆದರೆ ನೆರವಾದ ವಿದ್ಯಾರ್ಥಿ ಪದವಿ ಮುಗಿಸಿ ಬೆಂಗಳೂರಿಗೆ ಹೋದ ಮೇಲೂ ಯಂತ್ರ ನಡೆಯಬೇಕಲ್ಲವೇ? ಅಳವಡಿಕೆಯ ಕ್ರಮವನ್ನು ಕನ್ನಡದಲ್ಲಿ ಬರೆದಿಡುವುದು ಕಡ್ಡಾಯವಾಗಬೇಕು.

ಗಮನಿಸಬೇಕಾದ ಅಂಶವೊಂದಿದೆ. ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ಕೋಹಾ ಆಗಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ 'ಇ-ಗ್ರಂಥಾಲಯ' ಆಗಲಿ ಪುಸ್ತಕಗಳ ಎರವಲು ನಿರ್ವಹಣೆಗೆ ಇರುವಂಥವು. ಅವು ಇದ್ದರೆ ಕಂಪ್ಯೂಟರ್ ಸಮಯವೂ ತಾನಾಗಿ ಹಂಚಿಕೆಯಾಗುತ್ತದೆ ಎಂದು ಭಾವಿಸಬಾರದು.

ಉಚಿತವೆಂಬ ಮೋಹ

ಮೈಕ್ರೋಸಾಫ್ಟ್ ಸಂಸ್ಥೆ ಸಾರ್ವಜನಿಕ ಕಂಪ್ಯೂಟರುಗಳಿಗಾಗಿ 'ವಿಂಡೋಸ್ ಸ್ಟೆಡಿಸ್ಟೇಟ್' ಎಂಬ ಉಚಿತ ತಂತ್ರಾಂಶ ನೀಡಿತ್ತು. 2010ರ ಅಂತ್ಯಕ್ಕೆ ಅದರ ವಿತರಣೆ ನಿಂತಿತು, ಮರುವರ್ಷ ಬೆಂಬಲವೂ ಕೊನೆಗೊಂಡಿತು. ಅದನ್ನೇ ನೆಚ್ಚಿಕೊಂಡಿದ್ದ ಗ್ರಂಥಾಲಯಗಳು ಬೇರೆ ದಾರಿ ಹುಡುಕಬೇಕಾಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಹಳೆಯ ಯಂತ್ರಗಳಿರುವಲ್ಲಿ ಲಿನಕ್ಸ್‌ಗೆ ಬದಲಾಗುವ ಯೋಚನೆಯನ್ನೂ ತಂತ್ರಾಂಶದ ಆಯ್ಕೆಯೊಂದಿಗೇ ಮಾಡಬೇಕು. ಬೆಲೆಯಷ್ಟೇ ಅಲ್ಲ, ಆಯಸ್ಸನ್ನೂ ವಿಚಾರಿಸಬೇಕು.

ಗುಡುಗು, ಮಿಂಚು ಮತ್ತು ಉಳಿದ ನಿಮಿಷ

ಕರಾವಳಿಯ ಒಳನಾಡಿನಲ್ಲಿ ಏಪ್ರಿಲ್-ಮೇ ಹಾಗೂ ಅಕ್ಟೋಬರಿನ ಸಂಜೆಗಳೆಂದರೆ ಗುಡುಗು, ಸಿಡಿಲಿನ ಹೊತ್ತು. ಮಳೆಗಾಲದಲ್ಲಂತೂ ಮರ ಬಿದ್ದು ವಿದ್ಯುತ್ ಕಡಿತವಾಗುವುದು ಹೊಸತಲ್ಲ. ಆದ್ದರಿಂದ ಪರೀಕ್ಷೆಯ ಮೊದಲ ಪ್ರಶ್ನೆ ಇದಾಗಿರಲಿ: ಕರೆಂಟು ಹೋಗಿ ಬಂದಾಗ ಓದುಗನ ಉಳಿದ ನಿಮಿಷಗಳು ಹಾಗೆಯೇ ಇರುತ್ತವೆಯೇ? ಅಂತರ್ಜಾಲ ಸಂಪರ್ಕ ಕಡಿದಾಗಲೂ ತಂತ್ರಾಂಶ ಸ್ಥಳೀಯವಾಗಿ ನಡೆಯುತ್ತದೆಯೇ? ಸರ್ವರ್ ಇರುವ ಯಂತ್ರಕ್ಕಾದರೂ ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್ ಇರಬೇಕು. ಪೂರ್ಣ ಮೋಡಗಣಕ ಆಧಾರಿತ ಸೇವೆಯಾದರೆ ಸಂಪರ್ಕ ಹೋದೊಡನೆ ಎಲ್ಲ ಯಂತ್ರಗಳಿಗೂ ಬೀಗ ಬಿದ್ದೀತು.

ಸಮಯ ಮುಗಿಯುವ 10 ಮತ್ತು 5 ನಿಮಿಷ ಮೊದಲು ಎಚ್ಚರಿಕೆ ಬರಬೇಕು, ಅದೂ ಕನ್ನಡದಲ್ಲಿ. ಅರ್ಜಿಯ ಕೊನೆಯ ಪುಟದಲ್ಲಿರುವಾಗ ಪರದೆ ಕಪ್ಪಾಗಿ ಕಡತಗಳೆಲ್ಲ ಅಳಿಸಿಹೋದರೆ ಹೊಣೆ ಯಾರದು? ಅವಧಿ ವಿಸ್ತರಿಸುವ ಅಧಿಕಾರ ಮೇಲ್ವಿಚಾರಕರ ಕೈಯಲ್ಲಿರಬೇಕು. ಹಾಗೆ ವಿಸ್ತರಿಸಿದ್ದು ದಾಖಲೆಯಲ್ಲೂ ಉಳಿಯಬೇಕು.

ಗುರುತಿನ ಚೀಟಿ ಮತ್ತು ಗೋಪ್ಯತೆ

2011ರ ಸೈಬರ್ ಕೆಫೆ ಮಾರ್ಗಸೂಚಿ ನಿಯಮಗಳ ಪ್ರಕಾರ ಕೆಫೆಗಳು ಬಳಕೆದಾರರ ಗುರುತು ಪರಿಶೀಲಿಸಿ, ಬಂದ ಹಾಗೂ ಹೋದ ಸಮಯವನ್ನು ಒಂದು ವರ್ಷ ಕಾಯ್ದಿಡಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ವ್ಯಾಖ್ಯೆಯಂತೆ ಸೈಬರ್ ಕೆಫೆ ಎಂದರೆ ವ್ಯವಹಾರದ ಭಾಗವಾಗಿ ಸಾರ್ವಜನಿಕರಿಗೆ ಅಂತರ್ಜಾಲ ಒದಗಿಸುವ ಸ್ಥಳ. ಉಚಿತ ಸೇವೆಯ ಸರ್ಕಾರಿ ಗ್ರಂಥಾಲಯಕ್ಕೆ ಇದು ಎಷ್ಟರಮಟ್ಟಿಗೆ ಅನ್ವಯ ಎಂಬುದಕ್ಕೆ ಇಲಾಖೆಯಿಂದ ಲಿಖಿತ ಸ್ಪಷ್ಟನೆ ಪಡೆಯುವುದೇ ಕ್ಷೇಮ.

ಇನ್ನೊಂದೆಡೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯ ಅಗತ್ಯಕ್ಕಿಂತ ಹೆಚ್ಚು ಮಾಹಿತಿ ಸಂಗ್ರಹಿಸಬಾರದೆಂಬುದು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರಲಿವೆ. 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆಯ ಕಟ್ಟುಪಾಡು ಇದೆ. ಸಮಯ ಲೆಕ್ಕಹಾಕಲು ಸದಸ್ಯತ್ವ ಸಂಖ್ಯೆ ಸಾಕು. ಆಧಾರ್ ಪ್ರತಿಯನ್ನು ಕಂಪ್ಯೂಟರಿನಲ್ಲಿ ಪೇರಿಸಿಡುವ ಅಗತ್ಯವಿಲ್ಲ. ತೋಟದ ಕೆಲಸಕ್ಕೆ ಹೊರಜಿಲ್ಲೆಗಳಿಂದ ಬಂದವರ ಮಕ್ಕಳು ಸ್ಥಳೀಯ ವಿಳಾಸದ ದಾಖಲೆ ಇಲ್ಲವೆಂಬ ಕಾರಣಕ್ಕೆ ಹೊರಗುಳಿಯದಂತೆ ಅತಿಥಿ ಚೀಟಿಯ ವ್ಯವಸ್ಥೆ ಇರಲೇಬೇಕು.

ಖರೀದಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

* ಪರವಾನಗಿ ಶುಲ್ಕ ಒಂದೇ ಬಾರಿಗೋ, ಪ್ರತಿ ವರ್ಷವೋ? ಯಂತ್ರ ಹೆಚ್ಚಿದರೆ ದರವೂ ಹೆಚ್ಚುವುದೇ?
* ಪರದೆಯ ಸೂಚನೆಗಳನ್ನು ಕನ್ನಡಕ್ಕೆ ಬದಲಿಸಲು ಅವಕಾಶವಿದೆಯೇ? ಯೂನಿಕೋಡ್ ಹೆಸರುಗಳನ್ನು ಸ್ವೀಕರಿಸುತ್ತದೆಯೇ?
* ಕೆಟ್ಟಾಗ ಮಂಗಳೂರಿನಿಂದಾದರೂ ಜನ ಬರುತ್ತಾರೆಯೇ, ದೂರವಾಣಿಯಲ್ಲೇ ಮುಗಿಸುತ್ತಾರೆಯೇ?
* ದೃಷ್ಟಿದೋಷವುಳ್ಳವರು ಬಳಸುವ ಪರದೆ ಓದುವ ತಂತ್ರಾಂಶಕ್ಕೆ ಅಡ್ಡಿಯಾಗುವುದೇ?
* ತಂತ್ರಾಂಶ ಬಿಟ್ಟುಕೊಡುವಾಗ ನಮ್ಮ ದಾಖಲೆಗಳು ನಮಗೆ ಮರಳಿ ಸಿಗುತ್ತವೆಯೇ?

ಸರ್ಕಾರಿ ಖರೀದಿಯಾದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯನ್ನು ಪಾಲಿಸಬೇಕಾಗುತ್ತದೆ. ಟೆಂಡರ್ ದಾಖಲೆಯಲ್ಲಿ ತಂತ್ರಾಂಶದ ಹೆಸರಿನ ಬದಲು ಬೇಕಾದ ಕೆಲಸಗಳನ್ನು ವಿವರಿಸುವುದು ಸರಿಯಾದ ಕ್ರಮ.

ಒಟ್ಟಿನಲ್ಲಿ ಹೇಳುವುದಾದರೆ, ಮೂರು ಯಂತ್ರಗಳವರೆಗೆ ರಿಜಿಸ್ಟರ್ ಪುಸ್ತಕವೇ ಸಾಕು. ನಾಲ್ಕಕ್ಕಿಂತ ಹೆಚ್ಚಿದ್ದು, ದಿನವೂ ಕಾಯುವವರಿದ್ದರೆ ಲಿಬ್ಕಿಯಂಥ ಮುಕ್ತ ತಂತ್ರಾಂಶವನ್ನು ಒಂದು ತಿಂಗಳು ಪ್ರಯೋಗಾರ್ಥ ನಡೆಸಿ ನೋಡಬಹುದು. ಆ ತಿಂಗಳು ಪುಸ್ತಕದ ಲೆಕ್ಕವೂ ಜತೆಗಿರಲಿ. ಎಷ್ಟು ಮಂದಿ ಕುಳಿತರು ಎಂಬುದಕ್ಕಿಂತ ಎಷ್ಟು ಮಂದಿ ಕಾದು ಕೆಲಸವಾಗದೆ ಹಿಂದಿರುಗಿದರು ಎಂಬುದನ್ನು ಬರೆದಿಡುವುದು ಮುಖ್ಯ. ದೂರದ ಊರಿಗೆ ಕೊನೆಯ ಬಸ್ ಹಿಡಿಯಬೇಕಾದವರಿಗೆ ಸಂಜೆಯ ಸರದಿಯಲ್ಲಿ ಆದ್ಯತೆ ನೀಡಬೇಕೇ ಎಂಬ ತೀರ್ಮಾನವನ್ನು ಯಾವ ತಂತ್ರಾಂಶವೂ ಕೈಗೊಳ್ಳದು. ಅದನ್ನು ಗ್ರಂಥಾಲಯವೇ ನಿರ್ಧರಿಸಿ, ನಿಯಮವನ್ನು ಎಲ್ಲರಿಗೂ ಕಾಣುವಂತೆ ಬಾಗಿಲ ಬಳಿ ತೂಗುಹಾಕಬೇಕು.