ನೆರವು ತಲುಪುವ ಮುನ್ನ: ವಿಪತ್ತು ಸನ್ನದ್ಧತೆಯ ಚಿಂತನೆ ನಡೆದು ಬಂದ ದಾರಿ

ಪ್ರವಾಹ, ಭೂಕಂಪ, ಚಂಡಮಾರುತ, ಭೂಕುಸಿತಗಳಂಥ ಆಪತ್ತುಗಳು ಎರಗಿದ ಮೊದಲ ಕೆಲವು ಗಂಟೆಗಳಲ್ಲಿ ಜೀವ ಉಳಿಸುವವರು ಬಹುಮಟ್ಟಿಗೆ ಮನೆಯವರೂ ನೆರೆಹೊರೆಯವರೂ ಆಗಿರುತ್ತಾರೆ ಎಂಬುದು ಇಂದು ವಿಪತ್ತು ಅಧ್ಯಯನದಲ್ಲಿ ನೆಲೆಗೊಂಡಿರುವ ತಿಳಿವಳಿಕೆ. ಈ ತಿಳಿವಳಿಕೆಯ ಮೇಲೆ ನಿಂತಿರುವ ಕಾರ್ಯಕ್ಷೇತ್ರವನ್ನು ವಿಪತ್ತು ಸನ್ನದ್ಧತೆ ಎನ್ನಲಾಗುತ್ತದೆ. ಅಪಾಯವನ್ನು ಮೊದಲೇ ಅರಿತು, ಯಾರು ಯಾವಾಗ ಏನು ಮಾಡಬೇಕೆಂದು ಗೊತ್ತುಮಾಡಿಕೊಂಡು, ಅದಕ್ಕೆ ಬೇಕಾದ ಸಾಮಗ್ರಿ ಮತ್ತು ಕೌಶಲಗಳನ್ನು ಕೂಡಿಸಿ, ಅಭ್ಯಾಸದಿಂದ ಅವನ್ನು ಚಾಲ್ತಿಯಲ್ಲಿಟ್ಟುಕೊಳ್ಳುವ ಸ್ಥಿತಿಯೇ ಸನ್ನದ್ಧತೆ. ಸರಳವೆಂದು ತೋರುವ ಈ ಪರಿಕಲ್ಪನೆ ರೂಪುಗೊಳ್ಳಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಜನರನ್ನು ಕೇವಲ ಸಂತ್ರಸ್ತರೆಂದು ಕಂಡು ಆರಂಭಿಸಿದ ವ್ಯವಸ್ಥೆಗಳು ಅವರನ್ನು ರಕ್ಷಣೆಯ ಮೊದಲ ಕರ್ತೃಗಳೆಂದು ಒಪ್ಪಿಕೊಂಡದ್ದು ಹಲವು ದಾರುಣ ಅನುಭವಗಳ ನಂತರವೇ.

ಬರ ಮತ್ತು ಕ್ಷಾಮದ ಕಾಲ

ಆಪತ್ಕಾಲಕ್ಕೆ ಕೂಡಿಡುವ ಪದ್ಧತಿ ದಕ್ಷಿಣ ಭಾರತದ ಗ್ರಾಮಜೀವನದಲ್ಲಿ ಹಳೆಯದು. ಕರ್ನಾಟಕದ ಬಯಲುಸೀಮೆಯ ರೈತರು ಗಟ್ಟಿನೆಲದಲ್ಲಿ ಹಗೇವುಗಳನ್ನು ತೋಡಿ, ಬಾಯಿ ಮುಚ್ಚಿ, ರಾಗಿ ಮೊದಲಾದ ಧಾನ್ಯಗಳನ್ನು ವರ್ಷಗಟ್ಟಲೆ ಕೆಡದಂತೆ ಕಾಪಾಡುತ್ತಿದ್ದರು. ಕೆರೆಗಳಿದ್ದ ಊರುಗಳಲ್ಲಿ ನೀರುಗಂಟಿಯು ತೂಬಿನಿಂದ ನೀರು ಹಂಚುವುದರ ಜೊತೆಗೆ ಮಳೆಗಾಲದಲ್ಲಿ ಏರಿಯನ್ನು ಕಾಯುವ ಹೊಣೆಯನ್ನೂ ಹೊತ್ತಿರುತ್ತಿದ್ದನು. ಮನೆಯ ಮಟ್ಟದ ದಾಸ್ತಾನು ಮತ್ತು ಊರು ಒಪ್ಪಿದ ಒಬ್ಬ ಹೊಣೆಗಾರ ಎಂಬ ಇವೆರಡು ಅಂಶಗಳು ಆಧುನಿಕ ಸನ್ನದ್ಧತಾ ಯೋಜನೆಗಳಲ್ಲಿಯೂ ಮುಖ್ಯವಾಗಿ ಕಾಣಿಸಿಕೊಳ್ಳುತ್ತವೆ.

ಆದರೆ ಇಂಥ ವ್ಯವಸ್ಥೆಗಳಿಗೆ ಮಿತಿಗಳಿದ್ದವು. ಭೂಮಿ ಇಲ್ಲದವರಿಗೆ ಹಗೇವು ಇರಲಿಲ್ಲ. ಸತತವಾಗಿ ಮಳೆ ತಪ್ಪಿದಾಗ ಇದ್ದವರ ಸಂಗ್ರಹವೂ ಬರಿದಾಗುತ್ತಿತ್ತು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವೂ ಸೇರಿದಂತೆ ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನ ಸತ್ತರು. ಇದರ ಬೆನ್ನಿಗೆ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯ ಕ್ಷಾಮ ಆಯೋಗವು 1880ರಲ್ಲಿ ವರದಿ ಸಲ್ಲಿಸಿತು. 1883ರಲ್ಲಿ ಕ್ಷಾಮ ಸಂಹಿತೆಯ ಕರಡು ಸಿದ್ಧವಾಯಿತು. ಧಾನ್ಯದ ಬೆಲೆಯೇರಿಕೆ, ಜನರ ಗುಳೆ ಮುಂತಾದ ಲಕ್ಷಣಗಳನ್ನು ಮೊದಲೇ ಗುರುತಿಸಿ ಪರಿಹಾರ ಕಾಮಗಾರಿಗಳನ್ನು ತೆರೆಯುವ ವಿಧಾನವನ್ನು ಅಧಿಕಾರಿಗಳಿಗೆ ಗೊತ್ತುಪಡಿಸಿದ ಈ ಸಂಹಿತೆ ಮುನ್ನೆಚ್ಚರಿಕೆಯ ಆಡಳಿತಕ್ಕೆ ಒಂದು ಆರಂಭಿಕ ಮಾದರಿಯಾಯಿತು. ಅದರಲ್ಲಿ ನೋಡುವವನೂ ನಿರ್ಧರಿಸುವವನೂ ಅಧಿಕಾರಿಯೇ ಆಗಿದ್ದನು. ಜನರ ಪಾಲಿಗೆ ಉಳಿದದ್ದು ನೆರವನ್ನು ಪಡೆಯುವ ಪಾತ್ರ ಮಾತ್ರ.

ಯುದ್ಧಕಾಲದ ಶಿಸ್ತು, ಗಾಬರಿಯ ಭ್ರಮೆ

ಇಪ್ಪತ್ತನೆಯ ಶತಮಾನದ ಮಹಾಯುದ್ಧಗಳು ಸನ್ನದ್ಧತೆಗೆ ಸೈನಿಕ ಸ್ವರೂಪ ಕೊಟ್ಟವು. ವಿಮಾನದಾಳಿಯ ಸೈರನ್, ದೀಪ ಆರಿಸುವ ನಿಯಮ, ನೆಲಮಾಳಿಗೆಯ ಆಶ್ರಯ, ಬೀದಿಗೊಬ್ಬ ಕಾವಲುಗಾರ ಎಂಬ ಏರ್ಪಾಡುಗಳು ಬ್ರಿಟನ್ನಿನಿಂದ ಆರಂಭಿಸಿ ಅನೇಕ ದೇಶಗಳಿಗೆ ಹರಡಿದವು. ಭಾರತದಲ್ಲಿ 1962 ಮತ್ತು 1965ರ ಯುದ್ಧಗಳ ಅನುಭವದ ಹಿನ್ನೆಲೆಯಲ್ಲಿ 1968ರಲ್ಲಿ ನಾಗರಿಕ ರಕ್ಷಣಾ ಕಾಯಿದೆ ಜಾರಿಗೆ ಬಂದಿತು. ಶತ್ರುದಾಳಿಯನ್ನು ಎದುರಿಸಲು ಕಟ್ಟಿದ ಈ ಸಂಘಟನೆಯ ವ್ಯಾಪ್ತಿಗೆ ವಿಪತ್ತು ನಿರ್ವಹಣೆಯನ್ನು ಸೇರಿಸಿದ್ದು 2009ರ ತಿದ್ದುಪಡಿ. ಈ ಪರಂಪರೆಯ ಆಳದಲ್ಲಿ ಒಂದು ಗ್ರಹಿಕೆ ಕೆಲಸ ಮಾಡುತ್ತಿತ್ತು: ಆಪತ್ತಿನಲ್ಲಿ ಜನಸಾಮಾನ್ಯರು ಗಾಬರಿಗೊಂಡು ದಿಕ್ಕುಗೆಟ್ಟು ಓಡುತ್ತಾರೆ, ಆದ್ದರಿಂದ ಮೇಲಿನಿಂದ ಬರುವ ಆಜ್ಞೆಯೇ ಅವರನ್ನು ಕಾಪಾಡಬಲ್ಲದು.

ಈ ಗ್ರಹಿಕೆಯನ್ನು ಸಂಶೋಧನೆಯು ಕ್ರಮೇಣ ಅಲುಗಾಡಿಸಿತು. 1917ರ ಡಿಸೆಂಬರ್ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮದ್ದುಗುಂಡು ತುಂಬಿದ ಹಡಗು ಸಿಡಿದು ಸುಮಾರು 2,000 ಜನ ಸತ್ತ ಘಟನೆಯನ್ನು ಪಾದ್ರಿಯೂ ಸಮಾಜಶಾಸ್ತ್ರಜ್ಞನೂ ಆಗಿದ್ದ ಸ್ಯಾಮ್ಯುಯೆಲ್ ಹೆನ್ರಿ ಪ್ರಿನ್ಸ್ ಅಧ್ಯಯನ ಮಾಡಿ 1920ರಲ್ಲಿ ಪ್ರಕಟಿಸಿದ ಪ್ರಬಂಧವು ವಿಪತ್ತಿನ ಸಮಾಜಶಾಸ್ತ್ರೀಯ ಅಧ್ಯಯನಕ್ಕೆ ನಾಂದಿ ಹಾಡಿತು. 1963ರಲ್ಲಿ ಎನ್ರಿಕೊ ಕ್ವಾರಂಟೆಲ್ಲಿ, ರಸೆಲ್ ಡೈನ್ಸ್ ಮತ್ತು ಯುಜೀನ್ ಹಾಸ್ ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ವಿಪತ್ತು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಅಲ್ಲಿನ ಕ್ಷೇತ್ರಕಾರ್ಯ ತೋರಿಸಿಕೊಟ್ಟಂತೆ ಸಾಮೂಹಿಕ ಗಾಬರಿ ಅಪರೂಪ. ಹೆಚ್ಚಿನ ಜನ ತಮ್ಮವರನ್ನು ಹುಡುಕಿ, ಗಾಯಗೊಂಡವರನ್ನು ಎತ್ತಿ, ಇದ್ದುದನ್ನು ಹಂಚಿಕೊಂಡು, ಅಲ್ಲಿಯೇ ತಾತ್ಕಾಲಿಕ ಗುಂಪುಗಳನ್ನು ಕಟ್ಟಿಕೊಳ್ಳುತ್ತಾರೆ. ಎಚ್ಚರಿಕೆ ಕೇಳಿದೊಡನೆ ಹೊರಡುವವರಿಗಿಂತ, ಅದನ್ನು ಪರಿಚಿತರೊಂದಿಗೆ ಚರ್ಚಿಸಿ, ಮತ್ತೊಂದು ಮೂಲದಿಂದ ಖಚಿತಪಡಿಸಿಕೊಂಡು ಆಮೇಲೆ ಕದಲುವವರೇ ಹೆಚ್ಚೆಂಬುದನ್ನೂ ಮುಂದಿನ ಸಂಶೋಧನೆಗಳು ಸ್ಪಷ್ಟಪಡಿಸಿದವು. ಎಚ್ಚರಿಕೆಯ ಮಾತು ಎಷ್ಟು ಮುಖ್ಯವೋ ಅದನ್ನು ಹೇಳುವವರ ಮೇಲಿನ ನಂಬಿಕೆಯೂ ಅಷ್ಟೇ ಮುಖ್ಯವೆಂಬುದು ಇದರಿಂದ ಸಿದ್ಧವಾಯಿತು.

ಬಂಗಾಳ ಕೊಲ್ಲಿಯ ಪಾಠ

ಈ ತಿಳಿವಳಿಕೆ ಅತ್ಯಂತ ದೊಡ್ಡ ಪ್ರಮಾಣದಲ್ಲಿ ಕಾರ್ಯರೂಪಕ್ಕೆ ಬಂದದ್ದು ಬಾಂಗ್ಲಾದೇಶದಲ್ಲಿ. 1970ರ ನವೆಂಬರ್ 12ರಂದು ಅಪ್ಪಳಿಸಿದ ಭೋಲಾ ಚಂಡಮಾರುತದಲ್ಲಿ ಕನಿಷ್ಠ ಮೂರು ಲಕ್ಷ ಜನ ಸತ್ತರೆಂದು ಅಂದಾಜಿಸಲಾಗಿದೆ. ಇದಾದ ಮೇಲೆ, ರೆಡ್ ಕ್ರಾಸ್ ಸಂಸ್ಥೆ 1972ರಲ್ಲಿ ಆರಂಭಿಸಿ ಮರುವರ್ಷ ಸರ್ಕಾರವೂ ಕೈಜೋಡಿಸಿದ ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮವು ಕರಾವಳಿಯ ಹಳ್ಳಿಹಳ್ಳಿಗಳಲ್ಲಿ ಸ್ವಯಂಸೇವಕರ ಘಟಕಗಳನ್ನು ಕಟ್ಟಿತು. ಎಚ್ಚರಿಕೆ, ಆಶ್ರಯ, ರಕ್ಷಣೆ, ಪ್ರಥಮ ಚಿಕಿತ್ಸೆ, ಪರಿಹಾರ ಎಂದು ಕೆಲಸ ಹಂಚಿಕೊಂಡ ಈ ಸ್ವಯಂಸೇವಕರು ಧ್ವಜ ಏರಿಸಿ, ಕೈಧ್ವನಿವರ್ಧಕ ಹಿಡಿದು, ಮನೆಬಾಗಿಲಿಗೆ ಹೋಗಿ ತಮ್ಮ ಊರಿನವರನ್ನೇ ಹೊರಡಿಸುತ್ತಿದ್ದರು.

ಆದರೂ 1991ರ ಏಪ್ರಿಲ್ ಚಂಡಮಾರುತದಲ್ಲಿ ಸುಮಾರು 1,38,000 ಜನ ಸತ್ತರು. ಅವರಲ್ಲಿ ಹೆಂಗಸರ ಮತ್ತು ಮಕ್ಕಳ ಪ್ರಮಾಣ ತೀರ ಹೆಚ್ಚಾಗಿತ್ತು. ಆಶ್ರಯತಾಣಗಳ ಕೊರತೆಯ ಜೊತೆಗೆ, ಇದ್ದ ತಾಣಗಳಲ್ಲಿ ಹೆಂಗಸರಿಗೆ ಪ್ರತ್ಯೇಕ ಸ್ಥಳವಿಲ್ಲದಿರುವುದು, ಮನೆಯ ಗಂಡಸರ ಒಪ್ಪಿಗೆಯಿಲ್ಲದೆ ಹೊರಡಲು ಹಿಂಜರಿಯುವುದು, ದನಕರುಗಳನ್ನು ಬಿಟ್ಟು ಹೋಗಲಾರದ ಸಂಕಟ ಇವೆಲ್ಲ ಸಾವಿನ ಕಾರಣಗಳಾಗಿ ಹೊರಬಿದ್ದವು. ಅಲ್ಲಿಂದೀಚೆಗೆ ಆಶ್ರಯತಾಣಗಳ ಸಂಖ್ಯೆ ಹೆಚ್ಚಿತು, ಜಾನುವಾರುಗಳಿಗೆ ಎತ್ತರದ ಮಣ್ಣಿನ ದಿಬ್ಬಗಳಾದವು. ಇತ್ತೀಚಿನ ವರ್ಷಗಳಲ್ಲಿ ಸ್ವಯಂಸೇವಕರ ಸಂಖ್ಯೆ ಸುಮಾರು 76,000ಕ್ಕೆ ಏರಿ ಅವರಲ್ಲಿ ಅರ್ಧದಷ್ಟು ಮಂದಿ ಮಹಿಳೆಯರಾದರು. 2007ರ ಸಿದ್ರ್ ಚಂಡಮಾರುತದಲ್ಲಿ ಸಾವಿನ ಸಂಖ್ಯೆ ಸುಮಾರು 3,400ಕ್ಕೆ ಇಳಿದದ್ದು ಈ ದೀರ್ಘ ಶ್ರಮದ ಫಲ.

ಒಡಿಶಾದ ಕಥೆಯೂ ಇದಕ್ಕೆ ಸಮೀಪವಾದುದು. 1999ರ ಅಕ್ಟೋಬರ್ 29ರ ಮಹಾಚಂಡಮಾರುತ ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡ ಕೆಲವೇ ವಾರಗಳಲ್ಲಿ ಆ ರಾಜ್ಯ ತನ್ನದೇ ವಿಪತ್ತು ನಿರ್ವಹಣಾ ಪ್ರಾಧಿಕಾರವನ್ನು ರಚಿಸಿತು. ಸಾಮಾನ್ಯ ದಿನಗಳಲ್ಲಿ ಶಾಲೆಯಾಗಿ ಬಳಕೆಯಾಗುವ ಬಹೂಪಯೋಗಿ ಆಶ್ರಯತಾಣಗಳು, ಅವನ್ನು ನೋಡಿಕೊಳ್ಳುವ ಸ್ಥಳೀಯ ಸಮಿತಿಗಳು, ತರಬೇತಿ ಪಡೆದ ಯುವಕ ಯುವತಿಯರ ತಂಡಗಳು, ನಿಯತವಾದ ಅಣಕು ಕಾರ್ಯಾಚರಣೆಗಳು ಅಲ್ಲಿ ಬೇರೂರಿದವು. 2013ರ ಫೈಲಿನ್ ಮತ್ತು 2019ರ ಫಾನಿ ಚಂಡಮಾರುತಗಳಲ್ಲಿ ಹತ್ತು ಲಕ್ಷದಷ್ಟು ಅಥವಾ ಅದಕ್ಕೂ ಹೆಚ್ಚು ಜನ ಸುರಕ್ಷಿತ ಸ್ಥಳಗಳಿಗೆ ತೆರಳಿದ್ದರಿಂದ ಸಾವಿನ ಸಂಖ್ಯೆ ಎರಡಂಕಿಯಲ್ಲಿಯೇ ನಿಂತಿತು. 2020ರಲ್ಲಿ ಅಲ್ಲಿನ ವೆಂಕಟರಾಯಪುರ ಮತ್ತು ನೋಳಿಯಾಸಾಹಿ ಎಂಬ ಎರಡು ಹಳ್ಳಿಗಳು ಯುನೆಸ್ಕೊ ಅಂಗಸಂಸ್ಥೆಯಿಂದ ಸುನಾಮಿ ಸನ್ನದ್ಧ ಗ್ರಾಮಗಳೆಂಬ ಮಾನ್ಯತೆ ಪಡೆದವು.

ನೆನಪು ಮತ್ತು ಅಭ್ಯಾಸ

ಭೂಕಂಪಕ್ಕೆ ಚಂಡಮಾರುತದಂತೆ ದಿನಗಳ ಮುನ್ಸೂಚನೆ ಇರುವುದಿಲ್ಲ. ಆದ್ದರಿಂದ ಅಲ್ಲಿ ಸನ್ನದ್ಧತೆಯ ಭಾರವೆಲ್ಲ ಮನೆ ಮತ್ತು ಬೀದಿಯ ಮೇಲೆ ಬೀಳುತ್ತದೆ. 1985ರ ಮೆಕ್ಸಿಕೊ ನಗರದ ಭೂಕಂಪದಲ್ಲಿ ತರಬೇತಿಯಿಲ್ಲದ ಸ್ವಯಂಸೇವಕರು ನೂರಾರು ಜನರನ್ನು ಅವಶೇಷಗಳಿಂದ ಹೊರತೆಗೆದರು, ಆದರೆ ಆ ಪ್ರಯತ್ನದಲ್ಲಿ ಅನೇಕರು ತಾವೇ ಪ್ರಾಣ ಕಳೆದುಕೊಂಡರು. ಇದನ್ನು ಗಮನಿಸಿದ ಲಾಸ್ ಏಂಜಲಿಸ್ ನಗರದ ಅಗ್ನಿಶಾಮಕ ಇಲಾಖೆ ಸಾಮಾನ್ಯ ನಾಗರಿಕರಿಗೆ ಬೆಂಕಿ ನಂದಿಸುವ, ಹಗುರ ರಕ್ಷಣಾ ಕಾರ್ಯದ ಮತ್ತು ಪ್ರಥಮ ಚಿಕಿತ್ಸೆಯ ತರಬೇತಿ ಕೊಡುವ ಸಮುದಾಯ ತಂಡಗಳನ್ನು ರೂಪಿಸಿತು. 1993ರ ಹೊತ್ತಿಗೆ ಅದು ಅಮೆರಿಕದಾದ್ಯಂತ ವ್ಯಾಪಿಸುವ ಕಾರ್ಯಕ್ರಮವಾಯಿತು. 1995ರ ಜನವರಿ 17ರಂದು ಜಪಾನಿನ ಕೋಬೆ ಪ್ರದೇಶದಲ್ಲಿ ಭೂಕಂಪವಾಗಿ 6,400ಕ್ಕೂ ಹೆಚ್ಚು ಜನ ಸತ್ತಾಗ, ಅವಶೇಷಗಳಡಿಯಿಂದ ಜೀವಂತವಾಗಿ ಹೊರಬಂದವರಲ್ಲಿ ಬಹುಪಾಲು ಜನರನ್ನು ಎಳೆದು ತೆಗೆದವರು ಮನೆಯವರೂ ನೆರೆಯವರೂ ಆಗಿದ್ದರು. ಸ್ವಸಹಾಯ, ಪರಸ್ಪರ ಸಹಾಯ, ಸರ್ಕಾರಿ ಸಹಾಯ ಎಂಬ ಮೂರು ಹಂತಗಳ ಜಪಾನೀ ಚಿಂತನೆಗೆ ಈ ಅನುಭವ ಬಲ ತುಂಬಿತು.

ಸಮುದಾಯದ ನೆನಪೂ ಒಂದು ರಕ್ಷಣಾ ಸಾಧನವಾಗಬಲ್ಲದೆಂಬುದಕ್ಕೆ ಇಂಡೊನೇಷ್ಯದ ಸಿಮೆಲು ದ್ವೀಪ ನಿದರ್ಶನ. 1907ರ ಸುನಾಮಿಯ ಸಂಗತಿಯನ್ನು ಅಲ್ಲಿನ ಜನ ಹಾಡು ಕಥೆಗಳಲ್ಲಿ ಉಳಿಸಿಕೊಂಡು ಬಂದಿದ್ದರು; ನೆಲ ಬಲವಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡ ಹತ್ತಬೇಕೆಂಬುದು ಮಕ್ಕಳಿಗೂ ಗೊತ್ತಿತ್ತು. 2004ರ ಡಿಸೆಂಬರ್ 26ರಂದು ಸುಮಾರು 78,000 ಜನಸಂಖ್ಯೆಯ ಆ ದ್ವೀಪದಲ್ಲಿ ಸುನಾಮಿಗೆ ಬಲಿಯಾದವರು ಏಳು ಮಂದಿ. ಜಪಾನಿನ ಕಾಮೈಶಿ ನಗರದಲ್ಲಿ ಪ್ರಾಧ್ಯಾಪಕ ತೊಶಿತಾಕಾ ಕತಾಡಾ ಅವರ ಮಾರ್ಗದರ್ಶನದಲ್ಲಿ ವರ್ಷಗಳ ಕಾಲ ಅಭ್ಯಾಸ ಮಾಡಿದ್ದ ಸುಮಾರು 3,000 ಶಾಲಾಮಕ್ಕಳಲ್ಲಿ ಬಹುತೇಕ ಎಲ್ಲರೂ 2011ರ ಮಾರ್ಚ್ 11ರ ಸುನಾಮಿಯಿಂದ ಪಾರಾದರು. ಅದೇ ನಗರದ ಉನೊಸುಮಾಯಿ ಬಡಾವಣೆಯಲ್ಲಿ, ಸುನಾಮಿಯ ಆಶ್ರಯಕ್ಕೆ ನಿಗದಿಯಾಗಿರದಿದ್ದರೂ ಅಭ್ಯಾಸದ ವೇಳೆ ಜನ ಸೇರುತ್ತಿದ್ದ ಕಟ್ಟಡಕ್ಕೆ ಅಂದೂ ಧಾವಿಸಿದವರಲ್ಲಿ ನೂರಕ್ಕೂ ಹೆಚ್ಚು ಮಂದಿ ಅಲ್ಲಿಯೇ ಸತ್ತರು. ಅನುಕೂಲಕ್ಕಾಗಿ ಮಾಡಿದ ತಪ್ಪು ಅಭ್ಯಾಸ ನಿಜವಾದ ಗಳಿಗೆಯಲ್ಲಿ ಪ್ರಾಣಾಂತಿಕವಾಗುತ್ತದೆ ಎಂಬುದನ್ನು ಅಣಕು ಕಾರ್ಯಾಚರಣೆಗಳನ್ನು ಏರ್ಪಡಿಸುವ ಪ್ರತಿಯೊಬ್ಬರೂ ನೆನಪಿಡಬೇಕು.

ಕಾಯಿದೆ, ಯೋಜನೆ ಮತ್ತು ಕರ್ನಾಟಕ

1990ರ ದಶಕವನ್ನು ವಿಶ್ವಸಂಸ್ಥೆ ನೈಸರ್ಗಿಕ ವಿಪತ್ತು ತಗ್ಗಿಸುವ ದಶಕವೆಂದು ಘೋಷಿಸಿದ ಮೇಲೆ 1994ರ ಯೊಕೊಹಾಮಾ ಕಾರ್ಯತಂತ್ರ, 2005ರ ಹ್ಯೋಗೊ ಚೌಕಟ್ಟು, 2015ರ ಸೆಂಡೈ ಚೌಕಟ್ಟುಗಳು ಒಂದರ ಹಿಂದೊಂದು ಬಂದವು. ಪರಿಹಾರಕ್ಕಿಂತ ಮೊದಲು ಅಪಾಯವನ್ನೇ ತಗ್ಗಿಸಬೇಕು, ಅದರಲ್ಲಿ ಸ್ಥಳೀಯರ ಪಾಲಿರಬೇಕು ಎಂಬುದು ಇವುಗಳ ಸಾರ. ಭಾರತದಲ್ಲಿ 1993ರ ಲಾತೂರ್, 2001ರ ಭುಜ್ ಭೂಕಂಪಗಳು ಮತ್ತು 2004ರ ಸುನಾಮಿಯ ನಂತರ 2005ರಲ್ಲಿ ವಿಪತ್ತು ನಿರ್ವಹಣಾ ಕಾಯಿದೆ ರೂಪುಗೊಂಡು ರಾಷ್ಟ್ರ, ರಾಜ್ಯ ಮತ್ತು ಜಿಲ್ಲಾ ಮಟ್ಟದ ಪ್ರಾಧಿಕಾರಗಳು ಬಂದವು. ಸ್ಥಳೀಯ ಸ್ವಯಂಸೇವಕರಿಗೆ ತರಬೇತಿ ಕೊಡುವ ಆಪದಾ ಮಿತ್ರ ಯೋಜನೆ 2016ರಲ್ಲಿ ಆರಂಭವಾಯಿತು.

ಕರ್ನಾಟಕದಲ್ಲಿ 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ಸಂಸ್ಥೆಯು ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿ ಮಟ್ಟದವರೆಗೂ ಹರಡಿರುವ ಸ್ವಯಂಚಾಲಿತ ಮಳೆಮಾಪಕಗಳು, ರೈತರ ಕರೆಗೆ ಉತ್ತರಿಸುವ ವರುಣಮಿತ್ರ ಸಹಾಯವಾಣಿ, ಸಿಡಿಲಿನ ಮುನ್ಸೂಚನೆ ನೀಡುವ ಆ್ಯಪ್ ಇವುಗಳಿಂದ ಮಾಹಿತಿಯ ಮಟ್ಟಿಗೆ ರಾಜ್ಯ ಗಣನೀಯವಾಗಿ ಮುಂದಿದೆ. ಆದರೂ 2009ರ ಉತ್ತರ ಕರ್ನಾಟಕದ ನೆರೆ, 2018ರ ಕೊಡಗಿನ ಭೂಕುಸಿತಗಳು, 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಜರಿದ ಗುಡ್ಡ ಇವೆಲ್ಲ ನೆನಪಿಸುವುದು ಒಂದೇ ಸಂಗತಿಯನ್ನು: ಇಷ್ಟು ಮಿಲಿಮೀಟರ್ ಮಳೆಯಾಯಿತೆಂಬ ಅಂಕಿಯು, ಗುಡ್ಡದ ಬುಡದ ಮನೆಯವರು ಇಂದು ರಾತ್ರಿಯೇ ಕಾಳಜಿ ಕೇಂದ್ರಕ್ಕೆ ಹೊರಡಬೇಕೆಂಬ ನಿರ್ಧಾರವಾಗಿ ಮಾರ್ಪಡಲು ಊರಿನೊಳಗೇ ಒಂದು ಏರ್ಪಾಡು ಬೇಕು.

ಪ್ರೇರಣೆಯ ಪ್ರಶ್ನೆ

ಜನರು ಅಪಾಯ ತಿಳಿದೂ ಏಕೆ ಸಿದ್ಧರಾಗುವುದಿಲ್ಲ ಎಂಬುದು ಈ ಕ್ಷೇತ್ರದ ಇಂದಿನ ಮುಖ್ಯ ಪ್ರಶ್ನೆ. ಭಯ ಹುಟ್ಟಿಸುವ ಪ್ರಚಾರವೊಂದೇ ಹೆಚ್ಚು ಫಲ ಕೊಡುವುದಿಲ್ಲ. ಮಾಡಬಹುದಾದ ಕೆಲಸ ಸ್ಪಷ್ಟವಾಗಿರದಿದ್ದರೆ ಭಯವು ವಿಧಿಯ ಮೇಲೆ ಭಾರ ಹಾಕುವ ನಿಷ್ಕ್ರಿಯತೆಗೆ ತಿರುಗುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡೆನ್ನಿಸ್ ಮಿಲೆಟಿ ಮೊದಲಾದವರು ತೋರಿಸಿರುವಂತೆ, ಏನು ಮಾಡಬೇಕೆಂಬ ಒಂದೇ ಮಾತು ಹಲವು ಬಾಯಿಗಳಿಂದ ಮತ್ತೆ ಮತ್ತೆ ಕೇಳಿಬಂದಾಗ, ಅಕ್ಕಪಕ್ಕದವರು ಅದನ್ನು ಮಾಡುತ್ತಿರುವುದು ಕಣ್ಣಿಗೆ ಬಿದ್ದಾಗ ಮತ್ತು ಅದರ ಬಗ್ಗೆ ಪರಸ್ಪರ ಮಾತಾಡಿದಾಗ ಜನರು ಕ್ರಮಕ್ಕೆ ಮುಂದಾಗುತ್ತಾರೆ.

ಸಾಮರ್ಥ್ಯದ ಪ್ರಶ್ನೆ ಇದಕ್ಕಿಂತಲೂ ಗಹನ. ಸ್ವೀಡನ್ ಸರ್ಕಾರ 2018ರಲ್ಲಿಯೂ 2024ರಲ್ಲಿಯೂ ಮನೆಮನೆಗೆ ಕೈಪಿಡಿ ಹಂಚಿ, ಬಿಕ್ಕಟ್ಟಿನ ಮೊದಲ ದಿನಗಳನ್ನು ಸ್ವಂತ ಬಲದ ಮೇಲೆ ಕಳೆಯಲು ಬೇಕಾದ ನೀರು, ಆಹಾರ, ಬೆಳಕು, ರೇಡಿಯೊಗಳನ್ನು ಕೂಡಿಡುವಂತೆ ಹೇಳಿತು. ಅಂದಂದಿನ ಕೂಲಿಯಲ್ಲಿ ಅಂದಂದಿನ ಅಕ್ಕಿ ತರುವ ಕುಟುಂಬಕ್ಕೆ ಇದೇ ಸಲಹೆಯನ್ನು ಕೊಟ್ಟು ಸುಮ್ಮನಾಗುವುದು ನ್ಯಾಯವಲ್ಲ. ಅಂಥಲ್ಲಿ ಮನೆಯ ಹೊಣೆಯನ್ನು ಊರು ಹಂಚಿಕೊಳ್ಳಬೇಕು: ಸ್ವಸಹಾಯ ಸಂಘದ ಆಪತ್ಕಾಲದ ನಿಧಿ, ಮಳೆಗಾಲಕ್ಕೆ ಮೊದಲೇ ದೊರೆಯುವ ಪಡಿತರ, ವೃದ್ಧರು, ಗರ್ಭಿಣಿಯರು ಮತ್ತು ಅಂಗವಿಕಲರು ಇರುವ ಮನೆಗಳ ಪಟ್ಟಿ, ಅವರನ್ನು ಕರೆದೊಯ್ಯಲು ಹೆಸರು ಹಿಡಿದು ಗೊತ್ತುಮಾಡಿದ ಜನ ಇವು ಅದರ ರೂಪಗಳು. ಬೆಂಗಳೂರಿನಂಥ ನಗರಗಳಲ್ಲಿ ಕನ್ನಡ ಬಾರದ ವಲಸೆ ಕಾರ್ಮಿಕರ ಬಿಡಾರಗಳಿಗೆ ಅವರದೇ ಭಾಷೆಯಲ್ಲಿ ಎಚ್ಚರಿಕೆ ತಲುಪಿಸುವ ಕೆಲಸವೂ ಇದರೊಳಗೇ ಬರುತ್ತದೆ.

ಕ್ಷಾಮ ಸಂಹಿತೆಯಿಂದ ಸೆಂಡೈ ಚೌಕಟ್ಟಿನವರೆಗಿನ ಈ ಇತಿಹಾಸವು ಸರ್ಕಾರದ ಹೊಣೆಯನ್ನು ಕಡಿಮೆ ಮಾಡುವುದಿಲ್ಲ. ಮುನ್ಸೂಚನೆ, ಆಶ್ರಯತಾಣ, ತರಬೇತಿ, ಹಣ ಇವೆಲ್ಲವೂ ಸರ್ಕಾರದಿಂದಲೇ ಬರಬೇಕಾದವು. ಬಾಂಗ್ಲಾದೇಶ ಮತ್ತು ಒಡಿಶಾಗಳ ಗೆಲುವು ಜನರನ್ನು ಅವರ ಪಾಡಿಗೆ ಬಿಟ್ಟು ಬಂದದ್ದಲ್ಲ, ದಶಕಗಳ ಕಾಲ ಅವರೊಂದಿಗೆ ನಿಂತು ಗಳಿಸಿದ್ದು. ಮಳೆಗಾಲಕ್ಕೆ ಮುನ್ನ ನಡೆಯುವ ಗ್ರಾಮಸಭೆ ಮತ್ತು ವಾರ್ಡ್ ಸಭೆಗಳು ರಸ್ತೆ ಚರಂಡಿಗಳ ಜೊತೆಗೆ ಆಪತ್ತಿನ ಯೋಜನೆಯನ್ನೂ ಪ್ರತಿವರ್ಷ ಓದಿ ತಿದ್ದುವ ರೂಢಿ ಮಾಡಿಕೊಂಡರೆ, ಶಾಲೆಗಳು ಸರಿಯಾದ ಸ್ಥಳಕ್ಕೆ ಸರಿಯಾದ ದಾರಿಯಲ್ಲಿ ಮಕ್ಕಳನ್ನು ನಡೆಸಿ ಅಭ್ಯಾಸ ಮಾಡಿಸಿದರೆ, ಕಾಯಿದೆಯ ಪುಟಗಳಲ್ಲಿರುವ ಸನ್ನದ್ಧತೆ ಕೇರಿ ಬಡಾವಣೆಗಳಿಗೆ ಇಳಿದು ಬರುತ್ತದೆ. ಅದಕ್ಕೆ ಹೊಸ ಕಾಯಿದೆಯ ಅಗತ್ಯವಿಲ್ಲ, ಇರುವ ಕಾಯಿದೆಯನ್ನು ಊರಿನ ಕೈಗೆ ಕೊಡುವ ಸಂಕಲ್ಪ ಬೇಕು.