ಮದುವೆಯ ಮುನ್ನಾದಿನ ಮುಖದಲ್ಲೊಂದು ಮೊಡವೆ: ದಿಢೀರ್ ಚರ್ಮದ ತೊಂದರೆಗಳಿಗೆ ಮಾಡಬೇಕಾದುದು, ಮಾಡಬಾರದುದು

'ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು' ಎಂದು ಹಿರಿಯರು ಹೇಳಿದ್ದು ಖರ್ಚುವೆಚ್ಚವನ್ನು ನೆನೆದು. ಆದರೆ ಸಭಾಗೃಹ ಗೊತ್ತಾಗಿ, ಅಡಿಗೆಯವರಿಗೆ ಮುಂಗಡ ಕೊಟ್ಟು, ಊರಿನಿಂದ ಬರುವ ನೆಂಟರ ರೈಲು ಟಿಕೇಟುಗಳೆಲ್ಲ ಕೈಸೇರಿದ ಮೇಲೂ ಮನೆಮಂದಿಯನ್ನು ಕಂಗೆಡಿಸಬಲ್ಲ ಸಂಗತಿಯೊಂದಿದೆ. ಮುಹೂರ್ತಕ್ಕೆ ಇನ್ನೆರಡು ದಿನವಿರುವಾಗ ವಧುವಿನ ಗಲ್ಲದ ಮೇಲೆ ಕೆಂಪು ಮೊಡವೆ, ವರನ ಕುತ್ತಿಗೆಯ ಮೇಲೆ ಸುಟ್ಟಂತಹ ಗೆರೆ, ತಾಯಿಯ ಮೈತುಂಬ ಗಂಧೆ. ಆಗ ನೆರೆಹೊರೆಯವರೆಲ್ಲ ವೈದ್ಯರಾಗುತ್ತಾರೆ. ಒಬ್ಬರು ನಿಂಬೆರಸ ಎನ್ನುತ್ತಾರೆ, ಇನ್ನೊಬ್ಬರು ಟೂತ್‌ಪೇಸ್ಟ್ ಎನ್ನುತ್ತಾರೆ, ಮತ್ತೊಬ್ಬರು ಅಂಗಡಿಯಿಂದ ಟ್ಯೂಬು ತರಿಸುತ್ತಾರೆ.

ನಾವು ವೈದ್ಯರಲ್ಲ, ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಮೂರು ದಶಕ ಕಳೆದವರು. ಆದರೂ ನಮ್ಮ ಕುಟುಂಬದಲ್ಲಿ ನಡೆದ ಒಂದು ಪ್ರಸಂಗದ ಬಳಿಕ ಈ ವಿಷಯವನ್ನು ಶ್ರದ್ಧೆಯಿಂದ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡಿದ್ದೇವೆ. ಶುಭಕಾರ್ಯಗಳ ಋತುವಿನಲ್ಲಿ ವಾಚಕರಿಗೆ ಉಪಯೋಗವಾದೀತೆಂದು ಅದನ್ನಿಲ್ಲಿ ಕ್ರಮವಾಗಿ ಕೊಟ್ಟಿದ್ದೇವೆ. ಇದರ ಸಾರ ಇಷ್ಟೇ: ದಿನಗಳು ಕಡಿಮೆಯಿದ್ದಷ್ಟೂ ಚರ್ಮಕ್ಕೆ ಮಾಡುವ ಉಪಚಾರವೂ ಕಡಿಮೆಯಿರಬೇಕು.

ಮೊಡವೆ

ಚರ್ಮದ ರಂಧ್ರವು ಜಿಡ್ಡು ಮತ್ತು ಸತ್ತ ಕೋಶಗಳಿಂದ ಮುಚ್ಚಿಹೋಗಿ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಉರಿಯೂತವಾದಾಗ ಮೊಡವೆ ಏಳುತ್ತದೆ. ಸಾಮಾನ್ಯ ಮೊಡವೆಯನ್ನು ಮುಟ್ಟದೆ ಬಿಟ್ಟರೆ ಸುಮಾರು ಒಂದು ವಾರದಲ್ಲಿ ತಾನಾಗಿಯೇ ತಗ್ಗುತ್ತದೆ. ಚಿವುಟಿದರೆ ಕೀವು ಒಳಕ್ಕೆ ಹರಡಿ, ವಾರದ ಮೊಡವೆ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆಯಾಗುತ್ತದೆ. ನಮ್ಮಂತಹ ಕಂದು ಮೈಬಣ್ಣದವರಲ್ಲಿ ಈ ಕಲೆ ಇನ್ನೂ ಹೆಚ್ಚು. ಮೂಗು ಮತ್ತು ಮೇಲ್ದುಟಿಯ ನಡುವಿನ ಭಾಗದ ರಕ್ತನಾಳಗಳಿಗೆ ಮಿದುಳಿನ ಕಡೆಗಿನ ನಾಳಗಳೊಡನೆ ಸಂಪರ್ಕವಿರುವುದರಿಂದ ಅಲ್ಲಂತೂ ಚಿವುಟಲೇಬಾರದು.

ಮಂಜುಗಡ್ಡೆಯ ತುಂಡನ್ನು ತೆಳು ಬಟ್ಟೆಯಲ್ಲಿ ಸುತ್ತಿ ಒಂದೆರಡು ನಿಮಿಷ ಮೆಲ್ಲಗೆ ಒತ್ತಿದರೆ ಊತ ಮತ್ತು ಕೆಂಪು ಇಳಿಯುತ್ತವೆ. 2.5 ಶೇಕಡಾ ಬೆಂಜಾಯಿಲ್ ಪೆರಾಕ್ಸೈಡ್ ಇರುವ ಜೆಲ್ಲನ್ನು ಮೊಡವೆಯ ಮೇಲಷ್ಟೇ ತೆಳುವಾಗಿ ಹಚ್ಚಬಹುದು. 5 ಅಥವಾ 10 ಶೇಕಡಾದ್ದು ಇದಕ್ಕಿಂತ ಹೆಚ್ಚಿನ ಗುಣವನ್ನೇನೂ ಕೊಡುವುದಿಲ್ಲ, ಉರಿಯನ್ನು ಮಾತ್ರ ಹೆಚ್ಚಿಸುತ್ತದೆ. ಈ ಜೆಲ್ ಬಟ್ಟೆಯ ಬಣ್ಣವನ್ನು ತಿನ್ನುತ್ತದೆ. ರೇಷ್ಮೆ ಸೀರೆಗೆ ಸೋಕದಂತೆ ಜಾಗ್ರತೆ ಬೇಕು. ಗಂಟಿನಂತಹ ನೋವಿನ ದೊಡ್ಡ ಮೊಡವೆಗೆ ಚರ್ಮತಜ್ಞರು ಸಣ್ಣ ಸೂಜಿಯಿಂದ ಔಷಧವನ್ನು ಅದರೊಳಗೇ ಕೊಡುತ್ತಾರೆ. ಎರಡು ಮೂರು ದಿನಗಳಲ್ಲಿ ಅದು ಕುಗ್ಗುತ್ತದೆ. ಪ್ರಮಾಣ ತಪ್ಪಿದರೆ ಆ ಜಾಗ ಗುಳಿಬೀಳುವ ಸಂಭವವಿರುವುದರಿಂದ ಇದನ್ನು ತಜ್ಞರ ಕೈಯಲ್ಲೇ ಮಾಡಿಸಬೇಕು.

ಗಂಧೆ ಮತ್ತು ಬೆವರುಸಾಲೆ

ಊಟದಲ್ಲಿಯ ಯಾವುದೋ ಪದಾರ್ಥ, ನೋವಿನ ಮಾತ್ರೆ, ಸೋಂಕು ಅಥವಾ ಬರಿಯ ಒತ್ತಡದಿಂದಲೂ ಮೈಮೇಲೆ ದದ್ದುಗಳೆದ್ದು ತುರಿಸುವುದೇ ಪಿತ್ತಗಂಧೆ. ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಯೊಳಗೆ ಮಾಯವಾಗಿ ಬೇರೆಡೆ ಏಳುತ್ತದೆ. ತಣ್ಣೀರಿನ ಬಟ್ಟೆ ಹಿತಕೊಡುತ್ತದೆ. ವಯಸ್ಕರಿಗೆ 10 ಮಿಲಿಗ್ರಾಂ ಸೆಟಿರಿಜಿನ್ ಮಾತ್ರೆ ರೂಢಿಯಲ್ಲಿದೆ. ಅದು ಕೆಲವರಿಗೆ ತೂಕಡಿಕೆ ತರುವುದರಿಂದ ರಾತ್ರಿ ಸೇವಿಸುವುದು ಲೇಸು. ಗರ್ಭಿಣಿಯರು, ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ತುಟಿ, ನಾಲಿಗೆ ಊದಿದರೆ ಅಥವಾ ಉಸಿರಿಗೆ ಕಷ್ಟವಾದರೆ ಮಾತ್ರೆಯನ್ನು ನಂಬಿ ಕೂರದೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು.

ಮುಂಬಯಿಯ ಮೇ ತಿಂಗಳ ಸೆಕೆಯಲ್ಲಿ ಭಾರದ ಸೀರೆ, ಶೇರ್ವಾನಿ ಉಟ್ಟವರಿಗೆ ಬೆನ್ನು, ಕುತ್ತಿಗೆಯ ಮೇಲೆ ಬೆವರುಸಾಲೆ ತಪ್ಪಿದ್ದಲ್ಲ. ಬೆವರಿನ ನಾಳ ಮುಚ್ಚಿಕೊಳ್ಳುವುದೇ ಇದಕ್ಕೆ ಕಾರಣ. ಆದಕಾರಣ ದಪ್ಪನಾಗಿ ಎಣ್ಣೆ, ಕ್ರೀಮು ಬಳಿದರೆ ಅದು ಹೆಚ್ಚುತ್ತದೆ. ತಣ್ಣೀರ ಸ್ನಾನ, ಗಾಳಿ, ಹತ್ತಿಯ ಒಳಉಡುಪು ಮತ್ತು ಕ್ಯಾಲಮೈನ್ ಲೋಷನ್ ಇಷ್ಟೇ ಸಾಕು.

ಸುಟ್ಟಂತಹ ಗೆರೆ

ಮಳೆಗಾಲದಲ್ಲಿ ದೀಪದ ಬೆಳಕಿಗೆ ಬರುವ, ಕಿತ್ತಳೆ ಮತ್ತು ಕಪ್ಪು ಪಟ್ಟೆಗಳ ತೆಳ್ಳನೆಯ ಹುಳುವೊಂದಿದೆ. ಅದು ಕಚ್ಚುವುದಿಲ್ಲ. ಮೈಮೇಲೆ ಕೂತಾಗ ಉಜ್ಜಿದರೆ ಅದರ ದೇಹದೊಳಗಿನ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ತಗಲುತ್ತದೆ. ಒಂದೆರಡು ದಿನಗಳ ಬಳಿಕ ಅಲ್ಲಿ ಚಾಟಿಯೇಟಿನಂತಹ ಕೆಂಪು ಗೆರೆ ಮೂಡಿ ಗುಳ್ಳೆಗಳಾಗುತ್ತವೆ. ಹುಳು ಕಂಡರೆ ಊದಿ ಹಾರಿಸಿ. ಉಜ್ಜಿದ್ದಾಗಿದ್ದರೆ ಕೂಡಲೆ ಸೋಪಿನಿಂದ ತೊಳೆಯಿರಿ. ಆ ಕೈಯಿಂದ ಕಣ್ಣು ಮುಟ್ಟಬೇಡಿ.

ಇದೇ ಬಗೆಯ ಗುಳ್ಳೆಗಳು ದೇಹದ ಒಂದೇ ಪಾರ್ಶ್ವದಲ್ಲಿ, ಉರಿ ನೋವಿನೊಡನೆ ಸಾಲಾಗಿ ಎದ್ದರೆ ಅದು ಸರ್ಪಸುತ್ತು ಇರಬಹುದು. ಊರ ಕಡೆ ಕೆಮ್ಮಣ್ಣು ಬಳಿದು ಕಾಯುವ ರೂಢಿಯಿದೆ. ಆದರೆ ವೈರಾಣುವಿನ ವಿರುದ್ಧದ ಮಾತ್ರೆಗಳನ್ನು 72 ಗಂಟೆಯೊಳಗೆ ಆರಂಭಿಸಿದರೆ ಅವುಗಳ ಪ್ರಯೋಜನ ಹೆಚ್ಚು. ಮದುವೆಯ ಗಡಿಬಿಡಿಯಲ್ಲಿ 'ಕಾರ್ಯ ಮುಗಿಯಲಿ, ಆಮೇಲೆ ನೋಡೋಣ' ಎಂದು ಮುಂದೂಡುವ ಹಿರಿಯರನ್ನು ಮಕ್ಕಳೇ ಒತ್ತಾಯಿಸಿ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಅಲಂಕಾರವೇ ಉಪದ್ರವವಾದಾಗ

ಗೋರಂಟಿ ಅಥವಾ ಮದರಂಗಿಯ ನಿಜವಾದ ಬಣ್ಣ ಕಿತ್ತಳೆಯಿಂದ ಕೆಂಗಂದು. ಒಂದು ಗಂಟೆಯಲ್ಲಿ ಕಡುಕಪ್ಪಾಗುವ 'ಕಪ್ಪು ಮೆಹಂದಿ'ಯಲ್ಲಿ ತಲೆಗೂದಲಿನ ಬಣ್ಣಕ್ಕೆ ಬಳಸುವ ಪಿಪಿಡಿ ಎಂಬ ರಾಸಾಯನಿಕ ಬೆರೆತಿರಬಹುದು. ಅದು ಒಗ್ಗದವರಿಗೆ ಚಿತ್ತಾರದ ಗೆರೆಗಳುದ್ದಕ್ಕೂ ಬೊಬ್ಬೆಗಳೇಳುತ್ತವೆ. ನರೆಗೂದಲಿಗೆ ಬಣ್ಣ ಹಾಕುವ ನಮ್ಮ ವಯಸ್ಸಿನವರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಪ್ರತಿಕ್ರಿಯೆಯು ಒಂದರಿಂದ ಮೂರು ದಿನಗಳ ಬಳಿಕ ಕಣ್ಣುರೆಪ್ಪೆ ಊದುವುದರಿಂದ ಆರಂಭವಾಗಬಹುದು. ಕಿವಿಯ ಹಿಂದೆ ಅಥವಾ ಮೊಣಕೈ ಒಳಭಾಗದಲ್ಲಿ ಚುಕ್ಕೆಯಷ್ಟು ಹಚ್ಚಿ 48 ಗಂಟೆ ನೋಡಿದ ಮೇಲಷ್ಟೇ ಪೂರ್ತಿ ಬಳಸಬೇಕು. ಬ್ಲೀಚಿಗೂ ಇದೇ ನಿಯಮ.

ಹಣೆಯ ಸ್ಟಿಕ್ಕರ್ ಬಿಂದಿಯ ಅಂಟು, ಬಾಡಿಗೆಗೆ ತಂದ ಆಭರಣದ ನಿಕ್ಕೆಲ್ ಲೋಹ, ಇವೂ ತುರಿಕೆ ತರುತ್ತವೆ. ರೆಟಿನಾಯ್ಡ್ ಲೇಪನ ಹಚ್ಚುವವರು, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ಸೇವಿಸುವವರು ವ್ಯಾಕ್ಸಿಂಗ್ ಮಾಡಿಸಿದರೆ ಚರ್ಮವೇ ಕಿತ್ತುಬರಬಹುದು. ಪಾರ್ಲರಿಗೆ ಹೋಗುವ ಮುನ್ನ ವೈದ್ಯರನ್ನು ಕೇಳಬೇಕು.

ಅಡಿಗೆಮನೆಯ ಮದ್ದುಗಳು

ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಅದರಲ್ಲಿಯ ಸೊರಾಲೆನ್ ಎಂಬ ಅಂಶವು ಸೂರ್ಯರಶ್ಮಿಯೊಡನೆ ಸೇರಿ ಚರ್ಮವನ್ನು ಸುಡುತ್ತದೆ; ಆ ಕಪ್ಪು ಕಲೆ ತಿಂಗಳುಗಳ ಕಾಲ ಉಳಿಯಬಹುದು. ಚರ್ಮದ ಮೇಲ್ಪದರ ಸ್ವಲ್ಪ ಆಮ್ಲೀಯವಾದುದು. ಅಡಿಗೆ ಸೋಡಾ ಕ್ಷಾರ. ಅದನ್ನು ತಿಕ್ಕಿದರೆ ರಕ್ಷಣೆಯ ಪದರವೇ ಹಾಳಾಗುತ್ತದೆ. ಟೂತ್‌ಪೇಸ್ಟ್ ಹಲ್ಲಿಗಾಗಿ ಇರುವುದು. ಮೊಡವೆಯ ಸುತ್ತ ಅದು ಉರಿಯನ್ನಷ್ಟೇ ಉಂಟುಮಾಡುತ್ತದೆ. ಅರಿಶಿನ ಶಾಸ್ತ್ರವನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಬಣ್ಣ ಬೆರೆತ ಪುಡಿಯ ಬದಲು ಅರಿಶಿನದ ಕೊಂಬನ್ನು ಮನೆಯಲ್ಲೇ ತೇಯ್ದು ಬಳಸಿದರೆ, ಒಡೆದ ಮೊಡವೆಗಳ ಮೇಲೆ ಒರಟಾಗಿ ತಿಕ್ಕದಿದ್ದರೆ, ಶಾಸ್ತ್ರವೂ ನಡೆಯುತ್ತದೆ, ಚರ್ಮವೂ ಉಳಿಯುತ್ತದೆ.

ಅಂಗಡಿಯ ಟ್ಯೂಬು

ಇನ್ನು ನಮ್ಮ ಕುಟುಂಬದ ಪ್ರಸಂಗ. ಅಣ್ಣನ ಮಗಳ ನಿಶ್ಚಿತಾರ್ಥಕ್ಕೆ ಐದು ದಿನವಿರುವಾಗ ಅವಳ ಮುಖದ ಮೇಲೆ ನಾಲ್ಕಾರು ಮೊಡವೆಗಳೆದ್ದವು. ಹತ್ತಿರದ ಔಷಧದಂಗಡಿಗೆ ಹೋಗಿ, ಅಂಗಡಿಯವರು ಕೊಟ್ಟ ಟ್ಯೂಬನ್ನು ಚೀಟಿಯಿಲ್ಲದೆ ತಂದುಕೊಟ್ಟವರು ನಾವೇ. ನಾಲ್ಕನೆಯ ದಿನಕ್ಕೆ ಮುಖ ನುಣುಪಾಗಿ, ಬೆಳ್ಳಗಾಗಿ ಹೊಳೆಯಿತು. 'ಚಿಕ್ಕಪ್ಪ, ನೀವು ತಂದ ಔಷಧ ಅಂದ್ರೆ ಔಷಧ' ಎಂದು ಅವಳು ಹಿಗ್ಗಿದಳು, ನಾವೂ ಬೀಗಿದೆವು. ಮದುವೆಯವರೆಗಿನ ಆರು ತಿಂಗಳೂ ಅವಳು ಅದನ್ನು ಬಿಡಲಿಲ್ಲ. ಬಿಟ್ಟ ದಿನ ಮುಖ ಉರಿಯುತ್ತಿತ್ತು. ಮತ್ತೆ ಹಚ್ಚಿದರೆ ಶಮನ. ಧಾರೆಯ ದಿನ ಹೋಮದ ಶಾಖಕ್ಕೆ ಅವಳ ಕೆನ್ನೆಗಳು ಕೆಂಡದಂತೆ ಕೆಂಪಾಗಿ, ಚರ್ಮದಡಿಯ ಎಳೆ ನಾಳಗಳು ಕಾಣುತ್ತಿದ್ದವು. ಆ ಮುಖ ಮೊದಲಿನಂತಾಗಲು ಚರ್ಮತಜ್ಞರಲ್ಲಿ ವರ್ಷಕ್ಕೂ ಮಿಕ್ಕಿ ಓಡಾಡಬೇಕಾಯಿತು. ಮದುವೆಯ ಆಲ್ಬಮ್ಮನ್ನು ಅವಳು ಇಂದಿಗೂ ಪ್ರೀತಿಯಿಂದ ತೆರೆಯುವುದಿಲ್ಲ.

ಆ ಟ್ಯೂಬಿನಲ್ಲಿದ್ದುದು ಪ್ರಬಲ ಸ್ಟಿರಾಯ್ಡ್. ಇದು ಉರಿಯೂತವನ್ನು ಬೇಗನೆ ಅಡಗಿಸುವುದರಿಂದ ಪವಾಡದಂತೆ ಕಾಣುತ್ತದೆ. ಬಳಸುತ್ತ ಹೋದರೆ ಚರ್ಮ ತೆಳುವಾಗಿ, ಮುಖದ ಮೇಲೆ ರೋಮ ಬೆಳೆದು, ನಿಲ್ಲಿಸಿದಾಗ ಮೊಡವೆ ಮತ್ತು ಉರಿ ಇಮ್ಮಡಿಯಾಗಿ ಮರಳುತ್ತವೆ. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಇದು ಚಕ್ರಬಡ್ಡಿಯ ಕೈಸಾಲ. ಹುಳುಕಡ್ಡಿಗೆ ಹಚ್ಚಿದರಂತೂ ತುರಿಕೆ ಅಡಗಿ ಶಿಲೀಂಧ್ರ ಮೈಯೆಲ್ಲ ಹಬ್ಬುತ್ತದೆ. ಚರ್ಮತಜ್ಞರ ಸಂಘವು ಬಹುಕಾಲ ಒತ್ತಾಯಿಸಿದ ಬಳಿಕ, 2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು 14 ಬಗೆಯ ಸ್ಟಿರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ನಿಯಮ ಬಂದರೂ ಕೇಳುವವರು ನಾವೇ ಎಚ್ಚರವಾಗಿರಬೇಕು. ಟ್ಯೂಬಿನ ಮೇಲೆ ಬೆಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್, ಫ್ಲುಯೊಸಿನೊಲೋನ್ ಎಂಬ ಹೆಸರುಗಳಿದ್ದರೆ ವೈದ್ಯರು ಹೇಳದೆ ಮುಖಕ್ಕೆ ಮುಟ್ಟಿಸಬೇಡಿ.

ತಯಾರಕರ ವಿಳಾಸವೇ ಇಲ್ಲದ 'ಬಿಳುಪಿನ ಕ್ರೀಮು'ಗಳು ಇನ್ನೂ ಅಪಾಯಕರ. ಅವುಗಳಲ್ಲಿ ಪಾದರಸವಿರುವ ಸಂಭವವಿದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು, ಇಂತಹ ಕ್ರೀಮುಗಳನ್ನು ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆಯನ್ನು ಗುರುತಿಸಿದ್ದರು.

ದಿನಗಣನೆ

ಒಂದು ತಿಂಗಳಿರುವಾಗ: ಮೊಡವೆ, ಕಲೆ, ಹುಳುಕಡ್ಡಿ ಇದ್ದರೆ ಈಗಲೇ ಚರ್ಮತಜ್ಞರನ್ನು ಕಾಣಿರಿ. ಹೊಸ ಸೋಪು, ಕ್ರೀಮು ಏನಿದ್ದರೂ ಈಗಲೇ ಪರೀಕ್ಷಿಸಿ.

ಒಂದು ವಾರವಿರುವಾಗ: ಫೇಶಿಯಲ್, ಬ್ಲೀಚ್ ಇವುಗಳಿಗೆ ಇದೇ ಕೊನೆಯ ಗಡುವು. ಅಲಂಕಾರದವರ ಪ್ರಸಾಧನವನ್ನು ದವಡೆಯ ಬಳಿ ಹಚ್ಚಿಸಿ ನೋಡಿ.

ಎರಡು ಮೂರು ದಿನವಿರುವಾಗ: ಹೊಸತೇನೂ ಬೇಡ. ಸೌಮ್ಯ ಸೋಪಿನಿಂದ ದಿನಕ್ಕೆರಡು ಬಾರಿ ಮುಖ ತೊಳೆದು, ಅಭ್ಯಾಸದ ತೇವಕಾರಕ ಹಚ್ಚಿದರೆ ಸಾಕು. ಚಳಿಗಾಲದಲ್ಲಿ ಧಾರವಾಡ, ಬೆಳಗಾವಿಯ ಕಡೆಗೆ ಮದುವೆಗೆಂದು ಹೋಗುವವರು ಒಣಹವೆಗಾಗಿ ಅದನ್ನು ಮರೆಯದೆ ಒಯ್ಯಬೇಕು.

ಅದೇ ಬೆಳಿಗ್ಗೆ: ಮೊಡವೆಗೆ ಮಂಜುಗಡ್ಡೆಯ ಶೈತ್ಯ. ಕೆಂಪು ಕಾಣದಿರಲು ತುಸು ಹಸಿರು ಛಾಯೆಯ ಕನ್ಸೀಲರ್, ಅದರ ಮೇಲೆ ಮೈಬಣ್ಣದ್ದು. ವರನಿಗೆ ಕ್ಷೌರದಲ್ಲಿ ಗಾಯವಾದರೆ ಒದ್ದೆ ಮಾಡಿದ ಪಟಿಕದ ತುಂಡು ರಕ್ತವನ್ನು ನಿಲ್ಲಿಸುತ್ತದೆ. ರಾತ್ರಿ ಎಷ್ಟೇ ದಣಿದಿದ್ದರೂ ಬಣ್ಣ ತೆಗೆದೇ ಮಲಗಬೇಕು.

ಇಷ್ಟರ ಮೇಲೂ ಒಂದು ಮೊಡವೆ ಉಳಿದರೆ ಉಳಿಯಲಿ. ಅಕ್ಷತೆ ಹಾಕಲು ಬಂದವರು ಅದನ್ನು ಎಣಿಸುವುದಿಲ್ಲ. ವಾರದಲ್ಲಿ ಅದು ಹೋಗುತ್ತದೆ. ಅವಸರದಲ್ಲಿ ಹಚ್ಚಿದ ಟ್ಯೂಬಿನ ಗುರುತು ಹಾಗೆ ಹೋಗುವುದಿಲ್ಲ. ವಾಚಕರೆಲ್ಲರ ಮನೆಯ ಶುಭಕಾರ್ಯಗಳು ನಿರ್ವಿಘ್ನವಾಗಿ ನೆರವೇರಲೆಂದು ಹಾರೈಸುತ್ತೇವೆ.